ಬೈಯೋದಕ್ಕಾದ್ರೂ ಒಬ್ಬ ಬೇಕಲ್ರೀ

ನಿನ್ನೆ ರಾತ್ರಿ ಮಗಳ ಜೊತೆ ಮಾಲ್‌ಗೆ ಸಿನಿಮಾ ನೋಡೋಕೆ ಹೋಗಿದ್ದೆ. ಶುರುವಾಗಿ ಹತ್ತು ನಿಮಿಷಕ್ಕೆ ಮಾತು ಮಾಯ! ಸಂಗೀತ ಎರಡೂ ಗೋಡೆಯಿಂದ ಕಿವಿಗೆ ಬಡೀತಿದೆ, ಹೀರೋ ಮಾತ್ರ ಬಾವಿಯೊಳಗೆ ಬಿದ್ದವನ ಹಾಗೆ ಗೊಣಗ್ತಿದಾನೆ. ಪರದೆ ಹಿಂದಿನ ನಡು ಸ್ಪೀಕರ್ ಕೈಕೊಟ್ಟಿದೆ ಅಂತ ನನಗೆ ಅರ್ಧ ನಿಮಿಷದಲ್ಲಿ ಗೊತ್ತಾಯ್ತು. ಸುತ್ತ ಕೂತವರು ಒಬ್ಬರಾದ್ರೂ ಪಿಟಿಕ್ ಅನ್ನಬೇಕಲ್ಲ? ಮೊಬೈಲ್ ತೆಗೆದ್ರು, ಪಾಪ್‌ಕಾರ್ನ್ ಮುಕ್ಕಿದ್ರು. (ಅದರ ರೇಟಿನ ಬಗ್ಗೆ ನಾನು ಬರೆಯಲ್ಲ, ನೀವೆಲ್ಲ ಬರೆದಾಗಿದೆ.)

ನಾನು ಎದ್ದು, ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹೊಡೆದೆ. ಮೇಲೆ ಪ್ರೊಜೆಕ್ಟರ್ ರೂಮಿನ ಕಿಂಡಿ ಕಡೆ ತಿರುಗಿ "ಲೇ ಆಪರೇಟರ್!" ಅಂದೆ. ಮಗಳು ದುಪಟ್ಟಾದಲ್ಲಿ ಮುಖ ಮುಚ್ಕೊಂಡ್ಲು. ಕಿಂಡಿಯಲ್ಲಿ ಬೆಳಕಿತ್ತು, ಮನುಷ್ಯ ಇರಲಿಲ್ಲ. ಆಮೇಲೆ ವಾಕಿಟಾಕಿ ಹುಡುಗ ಒಬ್ಬ ಬಂದು "ಸರ್, ಟೆಕ್ನಿಕಲ್ ಟೀಮ್‌ಗೆ ಮೇಲ್ ಹಾಕಿದೀವಿ" ಅಂದ. ಮೇಲ್! ಸಿನಿಮಾ ಓಡ್ತಿರೋವಾಗ!

ಕಡೂರಿನ ಟಾಕೀಸಲ್ಲಿ ನಾನು ರೀಲು ಸುತ್ತುತ್ತಿದ್ದ ಕಾಲ ಒಂದಿತ್ತು. 1989ರಿಂದ ಮೂರು ವರ್ಷ, ಪಿಯುಸಿ ಫೇಲಾದ ಪುಣ್ಯ. ಪ್ರೊಜೆಕ್ಟರ್ ಎರಡು. ಒಂದು ರೀಲು ಹೆಚ್ಚೂಕಮ್ಮಿ 20 ನಿಮಿಷ. ಮುಗಿಯೋ ಹೊತ್ತಿಗೆ ಪರದೆಯ ಬಲಮೂಲೆಯಲ್ಲಿ ಚುಕ್ಕಿ ಮಿಂಚೋದು. ಮೊದಲ ಚುಕ್ಕಿಗೆ ಇನ್ನೊಂದು ಮಿಷನ್ನಿನ ಮೋಟರ್, ಏಳೆಂಟು ಸೆಕೆಂಡ್ ಬಿಟ್ಟು ಎರಡನೇ ಚುಕ್ಕಿಗೆ ಚೇಂಜ್‌ಓವರ್, ಅಂದ್ರೆ ಚಿತ್ರ ಆ ಮಿಷನ್ನಿಗೆ ಬದಲು. ಕಣ್ಣು ಮಿಟುಕಿಸಿದ್ರೆ ಕೆಟ್ಟೆ. ಅದರ ಮೇಲೆ ಪ್ರೊಜೆಕ್ಟರಿಗೆ ಬೆಳಕು ಕೊಡೋ ಜೋಡಿ ಕಾರ್ಬನ್ ಕಡ್ಡಿ ಬೇರೆ: ಉರೀತಾ ಸವೀತವೆ, ನಡುವಿನ ಸಂದು ಹೆಚ್ಚಾದ್ರೆ ಚಿತ್ರ ಮಂಕು. ಕಪ್ಪು ಗಾಜಲ್ಲಿ ಇಣುಕಿ ಗುಬುಟು ತಿರುಗಿಸ್ತಾನೇ ಇರಬೇಕು. ಬೇಸಿಗೆಯಲ್ಲಿ ಬನೀನೂ ಹಾಕ್ತಿರಲಿಲ್ಲ ನಾವು.

ಕೆಲವು ಸಲ ಒಂದೇ ಪ್ರಿಂಟು, ನಮಗೂ ಬೀರೂರಿಗೂ. ಅಲ್ಲಿ ಮುಗಿದ ರೀಲು ಲೂನಾ ಮೇಲೆ ಇಲ್ಲಿಗೆ. ಲೂನಾ ಪಂಕ್ಚರ್ ಆದ ದಿನ ಗಾಂಧಿ ಕ್ಲಾಸಿನವರು (ಪರದೆ ಮುಂದಿನ ಅಗ್ಗದ ಸೀಟಿನವರು) ನಮ್ಮ ವಂಶದ ಹೆಣ್ಣುಮಕ್ಕಳನ್ನೆಲ್ಲ ನೆನೆದರು. ಪರದೆ ಒಂದು ಚೂರು ಮಸುಕಾದ್ರೂ ಸಾಕು, ಶಿಳ್ಳೆ, ಕುರ್ಚಿ ಬಡಿತ, ಮೇಲೆ ಹಾರೋ ಕಡಲೆಕಾಯಿ ಸಿಪ್ಪೆ. ನಾವೂ ಕಿಂಡಿಗೆ ಬಾಯಿಟ್ಟು ತಿರುಗಿ ಬೈತಿದ್ವಿ, ಕೈ ಮಾತ್ರ ಫೋಕಸ್ ಸರಿಮಾಡ್ತಿತ್ತು.

ಈಗ ಯಾರೋ ಬಂದು ಕಾಮೆಂಟ್ ಹಾಕ್ತೀರ, ಡಿಜಿಟಲ್ ಬಂದ ಮೇಲೆ ಬೆಂಗಳೂರಲ್ಲಿ ಬಿಡುಗಡೆಯಾದ ದಿನವೇ ಹಳ್ಳಿ ಟಾಕೀಸಿಗೂ ಬರುತ್ತೆ, ನಿಮ್ಮ ಕಾಲದಲ್ಲಿ ತಿಂಗಳುಗಟ್ಟಲೆ ಕಾದು ಗೀರು ಬಿದ್ದ ಪ್ರಿಂಟ್ ನೋಡ್ತಿದ್ರಿ ಅಂತ. ಹೌದಪ್ಪ. ಕ್ಲೈಮ್ಯಾಕ್ಸಲ್ಲಿ ಸದಾ ಮಳೆ ಸುರೀತಿತ್ತು, ಕತೆಯಲ್ಲಿ ಮಳೆ ಇಲ್ಲದಿದ್ರೂ. ಈಗ ಗೀರಿಲ್ಲ, ಮಳೆಯಿಲ್ಲ. ನಿನ್ನೆ ಮಾತೂ ಇರಲಿಲ್ಲ.

ಏನೋ ದೊಡ್ಡ ಸತ್ಯಸಂಧನ ಹಾಗೆ ಬರೀತಿದೀನಿ, ಇದನ್ನೂ ಹೇಳಿಬಿಡ್ತೀನಿ. ಒಂದು ಸೆಕೆಂಡ್ ಶೋನಲ್ಲಿ ಸಾಬರು (ನಮ್ಮ ಆಪರೇಟರ್, ನನ್ನ ಗುರು) ಚಹಾ ಕುಡಿಯೋಕೆ ಕೆಳಗಿಳಿದಿದ್ರು. ನಾನು ರೀಲು ಡಬ್ಬದ ಮೇಲೆ ತಲೆಯಿಟ್ಟು ನಿದ್ದೆ ಹೋದೆ. ಕಾರ್ಬನ್ ಆರಿ ಹಾಲ್ ಪೂರ್ತಿ ಕತ್ತಲೆ. ನಾನೆದ್ದಾಗ ನಾಲ್ಕೈದು ಜನ ಮೆಟ್ಟಿಲು ಹತ್ತಿ ಬಾಗಿಲು ಗುದ್ದುತಿದ್ರು. ಸಾಬರು ಅವರ ಹಿಂದೆಯೇ ಓಡಿಬಂದು, ನುಗ್ಗಿ, ಬಾಗಿಲಿಗೆ ಬೆನ್ನು ಕೊಟ್ಟು ನಿಂತು "ನಾನೇ ಮಲಗಿದ್ದೆ, ನನಗೆ ಹೊಡೀರಿ" ಅಂದ್ರು. ಹೊಡೀಲಿಲ್ಲ, ಆದ್ರೆ ಅಪ್ಪನ ವಯಸ್ಸಿನವರನ್ನ ಬಾಯಿಗೆ ಬಂದ ಹಾಗೆ ಬೈದ್ರು. ಒಳಗಿಂದ ಅಷ್ಟೂ ಕೇಳಿಸ್ಕೊಂಡೆ, ಹೊಸ ಕಡ್ಡಿ ಸಿಗಿಸ್ತಾ.

ಸಾಬರು ಆಮೇಲೆ ಆ ಮಾತೇ ಎತ್ತಲಿಲ್ಲ. ಮಾರನೇ ದಿನದಿಂದ ಚಹಾ ಮಾತ್ರ ಮೇಲಕ್ಕೇ ತರಿಸೋಕೆ ಶುರು ಮಾಡಿದ್ರು.