ಸತ್ಯಾಂಶ: ಬಡಗಿ ಕೆಲಸ ಕಲಿಯಲು ನಾಲ್ಕು ವರ್ಷ ಬಿಟ್ಟಿ ದುಡಿಯಬೇಕಾ?

‘ಅಮೆರಿಕದಲ್ಲಿ ಯೂನಿಯನ್ ಮೂಲಕ ಬಡಗಿ ಕೆಲಸ ಕಲಿಯಲು ಮೊದಲು ದೊಡ್ಡ ಫೀಸು ಕಟ್ಟಬೇಕು, ಆಮೇಲೆ ನಾಲ್ಕು ವರ್ಷ ಸಂಬಳವಿಲ್ಲದೆ ದುಡಿಯಬೇಕು’ ಎಂಬ ಮೆಸೇಜು ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಇದರಲ್ಲಿ ‘ನಾಲ್ಕು ವರ್ಷ’ ಅನ್ನೋದು ಮಾತ್ರ ಹೆಚ್ಚುಕಡಿಮೆ ಸರಿ.

ಅಲ್ಲಿ ಸರ್ಕಾರದಲ್ಲಿ ನೋಂದಾಯಿಸಿದ ಅಪ್ರೆಂಟಿಸ್‌ಶಿಪ್ ಅಂದರೆ ಮೊದಲ ದಿನದಿಂದಲೇ ಸಂಬಳದ ಕೆಲಸ. ಇದಕ್ಕೆ 1937ರ ಕಾನೂನಿನ ಬಲ ಇದೆ. ಶುರುವಿನಲ್ಲಿ ಕೆಲಸ ಪೂರ್ತಿ ಕಲಿತ ಬಡಗಿಯ ಕೂಲಿಯಲ್ಲಿ ಒಂದು ಪಾಲು ಸಿಗುತ್ತದೆ. ಕೈ ಪಳಗಿದಂತೆ ಆ ಪಾಲು ಹಂತಹಂತವಾಗಿ ಏರಬೇಕು ಎಂದು ನಿಯಮವೇ ಹೇಳುತ್ತದೆ. ಹಾಗಂತ ಮೊದಲ ತಿಂಗಳೇ ಕೈತುಂಬ ದುಡ್ಡು ಅಂದುಕೊಳ್ಳಬೇಡಿ.

ದೊಡ್ಡ ಫೀಸಿನ ಮಾತು? ಯೂನಿಯನ್ ತರಬೇತಿ ಕೇಂದ್ರಗಳು ಮುಖ್ಯವಾಗಿ ನಡೆಯುವುದು ಕಂಟ್ರಾಕ್ಟರುಗಳು ಕೆಲಸದ ಪ್ರತಿ ಗಂಟೆಗೆ ಇಷ್ಟು ಎಂದು ಕಟ್ಟುವ ಹಣದಿಂದ. ಆದರೆ ಯೂನಿಯನ್ ಚಂದಾ ಇರುತ್ತದೆ. ಸುತ್ತಿಗೆ, ಟೇಪು, ಮೂಲೆಮಟ್ಟದಂಥ ಕೈ ಸಾಮಾನುಗಳನ್ನು ಸಾಮಾನ್ಯವಾಗಿ ನಾವೇ ಕೊಳ್ಳಬೇಕು. ವರ್ಷಕ್ಕೆ ಕನಿಷ್ಠ 144 ಗಂಟೆ ಕ್ಲಾಸು ಇರಲಿ ಎಂಬುದು ಶಿಫಾರಸು. ಆ ಹೊತ್ತಿಗೆ ಎಲ್ಲ ಕಡೆ ಸಂಬಳ ಸಿಗುವುದಿಲ್ಲ. ಮೆಸೇಜು ಹುಟ್ಟಿದ್ದು ಇಲ್ಲಿಂದಲೇ ಇರಬೇಕು ಅನ್ನಿಸುತ್ತೆ.

ಇನ್ನು ಮೊದಲ ದಿನವೇ ಬಾಗಿಲು, ಕಪಾಟು ಮಾಡಿಸುತ್ತಾರೆ ಅನ್ನುವವರೂ ಇದ್ದಾರೆ. ಸುಮ್ನೆ ಮಾತು. ಹೊಸಬರು ಪ್ಲೈವುಡ್ ಹೊರುತ್ತಾರೆ, ಕಾಂಕ್ರೀಟು ಅಂಟಿದ ಸೆಂಟ್ರಿಂಗ್ ಹಲಗೆಯಿಂದ ಮೊಳೆ ಕೀಳುತ್ತಾರೆ. ಟೇಪಿನಲ್ಲಿ ಇಂಚಿನ ಹದಿನಾರನೇ ಒಂದು ಭಾಗವನ್ನು ತಡವರಿಸದೆ ಓದುವುದೂ ಕಲಿಕೆಯೇ ಅಲ್ವಾ? ಆ ಮೊಳೆ ಕೀಳುವ ಗಂಟೆಗೂ ಕೂಲಿ ಇದೆ.