ಜೂನೋ-106 ಫಿಲ್ಟರ್ ಚಿಪ್: ನನ್ನ ಹಳೇ ಮೆಸೇಜಿಗೆ ತಿದ್ದುಪಡಿ

ರೋಲ್ಯಾಂಡ್ ಜೂನೋ-106 ಸಿಂಥ್ (ಎಲೆಕ್ಟ್ರಾನಿಕ್ ಕೀಬೋರ್ಡ್ ವಾದ್ಯ) ಬಗ್ಗೆ ನಾನು ಬರೆದಿದ್ದ ಮೆಸೇಜೊಂದು ಇನ್ನೂ ಓಡಾಡುತ್ತಿದೆ. 'ಒಂದೊಂದು ಸ್ವರ ಕರಕರ ಅಂದರೆ ಒಳಗಿನ ಐಆರ್3109 ಫಿಲ್ಟರ್ ಚಿಪ್ ಸತ್ತಿದೆ, 80017ಎ ಕಿತ್ತು ಎಸೆಯಿರಿ' ಎಂದು ಅದರಲ್ಲಿದೆ. ಅದು ತಪ್ಪು. ಬರೆದವನೂ ನಾನೇ.

80017ಎ ಒಂದೇ ಚಿಪ್ ಅಲ್ಲ, ಪುಟ್ಟ ಬೋರ್ಡು. ಅದರ ಮೇಲೆ ದನಿಯ ಬಣ್ಣ ತಿದ್ದುವ ಫಿಲ್ಟರ್ ಚಿಪ್ಪೂ ಇದೆ, ದನಿಯ ಮಟ್ಟ ನೋಡಿಕೊಳ್ಳುವ ವಿಸಿಎ ಭಾಗವೂ ಇದೆ. ಇಡೀ ಬೋರ್ಡನ್ನು ಎಪಾಕ್ಸಿಯಲ್ಲಿ ಅದ್ದಿ ತೆಗೆದಿದ್ದಾರೆ, ಬೋಂಡಾಗೆ ಹಿಟ್ಟು ಹಿಡಿದ ಹಾಗೆ. ಈ ಸಿಂಥ್ ಬಂದದ್ದು 1984ರಲ್ಲಿ. ಇಷ್ಟು ವರ್ಷಕ್ಕೆ ಆ ಲೇಪನವೇ ಕೆಟ್ಟು, ಕಾಲುಗಳ ನಡುವೆ ಕರೆಂಟ್ ಸೋರುತ್ತದೆ. ಹೆಚ್ಚಿನ ಸಲ ಒಳಗಿನ ಚಿಪ್ ಚೆನ್ನಾಗಿಯೇ ಇರುತ್ತದೆ. ಅಸಿಟೋನಿನಲ್ಲಿ ನೆನೆಸಿ ಲೇಪನ ಬಿಡಿಸಿದ ಎಷ್ಟೋ ಬೋರ್ಡುಗಳು ಮತ್ತೆ ಹಾಡಿವೆ, ಇದಕ್ಕಿಂತ ಪುರಾವೆ ಬೇಕಾ? (ಅಸಿಟೋನ್ ಬೇಗ ಹೊತ್ತಿಕೊಳ್ಳುತ್ತದೆ, ಅಡುಗೆಮನೆಯಲ್ಲಿ ಬೇಡ.)

ಅಸಿಟೋನ್ ಕೆಲಸ ಕಿಟಕಿ ತೆರೆದಿಟ್ಟು ಮಾಡಿ. ಈ ಸಿಂಥ್‌ನಲ್ಲಿ ಒಟ್ಟಿಗೆ ಆರು ಸ್ವರ ನುಡಿಸಲು ಆರು ವಾಯ್ಸ್ ಇವೆ, ವಾಯ್ಸಿಗೊಂದು 80017ಎ. ಸುಮ್ನೆ ಆರನ್ನೂ ಕೀಳಬೇಡಿ. ಕೀ ಟ್ರಾನ್ಸ್‌ಪೋಸ್ ಬಟನ್ ಒತ್ತಿಹಿಡಿದು ಆನ್ ಮಾಡಿ. ಕೀ ಒತ್ತಿದಂತೆ ಯಾವ ವಾಯ್ಸ್ ನುಡಿಯುತ್ತಿದೆ ಎಂಬ ನಂಬರ್ ಡಿಸ್‌ಪ್ಲೇಯಲ್ಲಿ ಕಾಣುತ್ತದೆ. ಕರಕರ ಅನ್ನುವ ವಾಯ್ಸಿನ ಬೋರ್ಡನ್ನಷ್ಟೇ ತೆಗೆಯಿರಿ.

ಹಳೇ ಮೆಸೇಜ್ ಫಾರ್ವರ್ಡ್ ಮಾಡೋದು ನಿಲ್ಲಿಸಿ. ಈಗಾಗಲೇ ಕಳಿಸಿದ್ದರೆ ಅದೇ ಗ್ರೂಪಿಗೆ ಇದನ್ನೂ ಹಾಕಿಬಿಡಿ.