ಕಸದ ಚೀಲ ಹಿಡಿದು ಕ್ರಾಂತಿಗೆ

ನಾನು ಹೊರಟಿದ್ದು ಕ್ರಾಂತಿಗಲ್ಲ, ಕಸ ಎಸೆಯುವುದಕ್ಕೆ.

2023ರ ಮಾರ್ಚ್. ಪ್ಯಾರಿಸ್‌ನಲ್ಲಿ ಕಸ ಎತ್ತುವವರು ಮುಷ್ಕರ ಹೂಡಿದ್ದರು. ನಿವೃತ್ತಿ ವಯಸ್ಸನ್ನು 62ರಿಂದ 64ಕ್ಕೆ ಏರಿಸುತ್ತೇವೆ ಎಂದಿತ್ತು ಸರ್ಕಾರ. ಅಷ್ಟಕ್ಕೇ ಊರಿಗೆ ಊರೇ ಬೀದಿಗೆ ಬಂದಿತ್ತು. ಅಪ್ಪನಿಗೆ ಫೋನಿನಲ್ಲಿ ಹೇಳಿದರೆ ನಂಬಲೇ ಇಲ್ಲ. "ಎರಡು ವರ್ಷ ಜಾಸ್ತಿ ಸರ್ವಿಸ್ ಕೊಟ್ರೆ ಬೇಡ ಅಂತಾರೇನೋ?" 60 ತುಂಬಿದ ದಿನ ಹಾರ, ಶಾಲು, ಹಣ್ಣಿನ ಬುಟ್ಟಿ ಹೊತ್ತು ಮನೆಗೆ ಬಂದ ಸರ್ಕಾರಿ ನೌಕರ ಅವರು. ಆ ಸಂಕಟ ಇನ್ನೂ ಇಳಿದಿಲ್ಲ.

ನನ್ನ ಮನೆ ನಾಸಿಯೋಂ ಚೌಕದ ಹತ್ತಿರ, 12ನೇ ವಾರ್ಡಿನಲ್ಲಿ. ಅಲ್ಲಿ ಕಸ ಎತ್ತುವುದು ನಗರಸಭೆಯವರು. ಎದುರಿನ 11ನೇ ವಾರ್ಡಿನಲ್ಲಿ ಖಾಸಗಿ ಕಂಟ್ರಾಕ್ಟು. ಈಚೆ ಬದಿ ಸೊಂಟದೆತ್ತರ ಕಸ, ಆಚೆ ಬದಿ ಥಳಥಳ. ಬುದ್ಧಿ ಎಲ್ಲಿಗೆ ಹೋಗುತ್ತೆ ಹೇಳಿ? ಈರುಳ್ಳಿ ಸಿಪ್ಪೆ, ಹಳಸಿದ ಸಾರು ಎಲ್ಲ ಕರಿ ಚೀಲಕ್ಕೆ ತುಂಬಿ, ಶನಿವಾರ ಮಧ್ಯಾಹ್ನ ಕಳ್ಳನ ಹಾಗೆ ರಸ್ತೆ ದಾಟಲು ಹೊರಟೆ.

ಅರ್ಧ ದಾಟಿದ್ದೆ, ರೆಪುಬ್ಲಿಕ್ ಚೌಕದಿಂದ ಹೊರಟ ಮೆರವಣಿಗೆ ಬಂದೇ ಬಿಟ್ಟಿತು. ಹಿಂದಕ್ಕೂ ಹೋಗುವ ಹಾಗಿಲ್ಲ, ಮುಂದಕ್ಕೂ ಹೋಗುವ ಹಾಗಿಲ್ಲ. ಕೈಯಲ್ಲಿ ಕಸದ ಚೀಲ ನೋಡಿ ಜನ ಚಪ್ಪಾಳೆ ತಟ್ಟಿದರು. "ಬ್ರಾವೋ!" ಯಾರೋ ನನ್ನ ಕೋಟಿಗೆ ಕಾರ್ಮಿಕ ಸಂಘದ ಕೆಂಪು ಸ್ಟಿಕರ್ ಮೆತ್ತಿದರು. ವ್ಯಾನಿನ ಪಕ್ಕ ಮೆರ್ಗೆಜ್ ಸಾಸೇಜ್ ಸುಡುತ್ತಿದ್ದವನು ಒಂದನ್ನು ಬ್ರೆಡ್ಡಿಗೆ ಸಿಕ್ಕಿಸಿ ಕೊಟ್ಟ. ನಾನೋ ಶುದ್ಧ ಸಸ್ಯಾಹಾರಿ. ಒಂದು ಕೈಲಿ ಸಾಸೇಜ್, ಇನ್ನೊಂದರಲ್ಲಿ ತೊಟ್ಟಿಕ್ಕುವ ಸಾರು.

ಅಷ್ಟರಲ್ಲಿ ಸಿಕ್ಕಿದ್ದು ನಮ್ಮ ಕೆಳಗಿನ ಮನೆಯ ಅಜ್ಜಿ. ಎಪ್ಪತ್ತೈದರ ಆಸುಪಾಸು. ಮುರುಕು ಫ್ರೆಂಚಿನಲ್ಲಿ ಕೇಳಿದೆ: ನಿಮಗೆ ಪೆನ್ಷನ್ ಬರ್ತಾ ಇದೆಯಲ್ಲ, ನಿಮಗ್ಯಾಕೆ ಇದು? ಪಕ್ಕದ ಮನೆ ಮದುವೆಗೆ ಯಾಕೆ ಹೋಗ್ತೀರಿ ಅಂತ ಕೇಳಿದವನನ್ನು ನೋಡುವ ಹಾಗೆ ನೋಡಿದರು. ಆಮೇಲೆ ಪ್ಯಾರಿಸ್ ದಂಗೆ ಎದ್ದ ವರ್ಷಗಳನ್ನೆಲ್ಲ 1789, 1830, 1848, 1871 ಅಂತ ಮಗ್ಗಿಯ ಹಾಗೆ ಒಪ್ಪಿಸಿದರು. ವಿದ್ಯಾರ್ಥಿಗಳೂ ಕಾರ್ಮಿಕರೂ ಬೀದಿಗಿಳಿದ 1968ರ ಮೇ ತಿಂಗಳಿಗೆ ಬಂದಾಗ ಮಾತ್ರ ದನಿ ಸಣ್ಣಗಾಯಿತು. ಆಗ ಅವರೂ ರಸ್ತೆಯ ಕಲ್ಲು ಕಿತ್ತಿದ್ದರಂತೆ. ಸೊಂಟ ನೋವು ಆವತ್ತಿನದೇ ಅಂತೆ. ಸುಮ್ನೆ ಹೇಳಿದ್ದೂ ಇರಬಹುದು.

ತಮಾಷೆ ಏನೆಂದರೆ, ಇಲ್ಲಿ ಹತ್ತರಲ್ಲಿ ಒಬ್ಬ ನೌಕರನೂ ಸಂಘದ ಸದಸ್ಯ ಹೌದೋ ಅಲ್ಲವೋ. ಮುಷ್ಕರ ಮಾಡಿದ ದಿನದ ಸಂಬಳವೂ ಖೋತಾ. ಆದರೂ ಬರುತ್ತಾರೆ. ಮುಷ್ಕರಕ್ಕೆ ಇವರ ಮಾತು 'ಗ್ರೆವ್'. ನಗರಸಭೆಯ ಮುಂದಿನ ಚೌಕದ ಹಳೆಯ ಹೆಸರು ಅದು. ಒಂದು ಕಾಲದಲ್ಲಿ ಜನ ಅಲ್ಲಿ ನಿಲ್ಲುತ್ತಿದ್ದದ್ದು ಕೆಲಸ ಕೇಳುವುದಕ್ಕೆ! ಇಷ್ಟು ಮಂದಿ ನಡೆದರೂ ಸರ್ಕಾರ ಮುಂದಿನ ವಾರವೇ ಸಂವಿಧಾನದ 49.3 ಎಂಬ ಕಲಮು ಹಿಡಿದು ಸಂಸತ್ತಿನ ಕೆಳಮನೆಯಲ್ಲಿ ಮತಕ್ಕೇ ಹಾಕದೆ ಮಸೂದೆ ಪಾಸು ಮಾಡಿಕೊಂಡಿತು. ಅಜ್ಜಿ ಮರುದಿನವೂ ಹೋದರು.

ನನ್ನ ಚೀಲ ಮಾತ್ರ ಆಚೆ ಬದಿ ತಲುಪಲೇ ಇಲ್ಲ. ಸಂಜೆ ವಾಪಸ್ ತಂದು ನಮ್ಮ ಬಾಗಿಲ ಮುಂದಿನ ಗುಡ್ಡೆಯ ಮೇಲೇ ಇಟ್ಟೆ.

ರಾತ್ರಿ ವಿಡಿಯೋ ಕಾಲ್‌ನಲ್ಲಿ ಅಪ್ಪ ಸ್ಟಿಕರ್ ನೋಡಿದರು. "ಏನೋ ಅದು, ಎಲೆಕ್ಷನ್‌ಗೆ ನಿಂತಿದೀಯಾ?" ನಡೆದದ್ದನ್ನೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಆ ಸಂಘದವರನ್ನ ಒಂದು ಮಾತು ಕೇಳು," ಅಂದರು. "ನಮ್ ಕಡೆ 60 ಇರೋದನ್ನ 62 ಮಾಡಿ ಅಂತ ಮೆರವಣಿಗೆ ಮಾಡಿಸ್ತಾರಾ?"